ಹೊಸ ಆವೃತ್ತಿಯಲ್ಲಿ ವಾಣಿಯ ಮದುವೆ

…ಇಲ್ಲ, ಟಿವಿಗೆ ಮೊದಲು ಅಕ್ಷತೆ ಎಸೆದವರು ವಾಣಿಯ ಅಜ್ಜಿಯೇ ಇರಬೇಕು. ಅಥವಾ ಪಕ್ಕದಲ್ಲಿ ಕೂತ ಯಾರೋ ಎಸೆದು, ಅದನ್ನು ನೋಡಿ ಅಜ್ಜಿ ಎಸೆದರೋ? ನನ್ನ ಹೆಂಡತಿ ಶೈಲಜಾ ಇದಕ್ಕೆ ಮೂರನೆಯ ಆವೃತ್ತಿಯೊಂದನ್ನು ಇಟ್ಟುಕೊಂಡಿದ್ದಾಳೆ. ನಾನಂತೂ ನನ್ನ ನೆನಪನ್ನು ಪೂರ್ತಿ ನಂಬುವವನಲ್ಲ. ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುವವನು ನಂಬಲೂಬಾರದು. ಬೆಳಿಗ್ಗೆ ಆಕಳಿಸಿದವರ ಮುಖ ತೆಗೆದು, ಸಂಜೆ ನಕ್ಕವರ ಮುಖ ಅಂಟಿಸಿ, “ಮದುವೆ ಎಷ್ಟು ಚೆಂದ ಆಯ್ತು!” ಎಂಬ ನೆನಪನ್ನು ಮನೆಮನೆಗೆ ತಯಾರಿಸಿ ಕೊಟ್ಟವನು ನಾನು. ಆದರೂ ಒಂದು ವಿಷಯ ಖಚಿತ. ಆ ಭಾನುವಾರ ಕಿಗ್ಗದ ಅಜ್ಜಿಮನೆಯಲ್ಲಿ ಟಿವಿಯ ಮುಂದೆ ಅಕ್ಕಿ ಚೆಲ್ಲಿತ್ತು. ಅದಕ್ಕೆ ಕಾರಣ ನಾನು!

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ನಮ್ಮ ಸ್ಟುಡಿಯೊ, ಕೆಳಗೆ ಹಿಂಬದಿಯಲ್ಲಿ ಮನೆ, ಹಿತ್ತಲು. ಮುಂದಿನ ಕೋಣೆಯಲ್ಲಿ ಶೈಲಜಾ, ಜೆರಾಕ್ಸ್ ಮೆಷಿನ್, ಪಾಸ್‌ಪೋರ್ಟ್ ಸೈಜ್ ಫೋಟೊ. ಹಿಂದಿನ ಕೋಣೆಯಲ್ಲಿ ನಾನು, ಕಂಪ್ಯೂಟರ್, ಕಲೆ. ಮನೆ ನಡೆಯುತ್ತಿದ್ದದ್ದು ಮುಂದಿನ ಕೋಣೆಯಿಂದ ಎಂದು ಶೈಲಜಾ ಹೇಳುತ್ತಾಳೆ. ಅದು ಚರ್ಚೆಯ ವಿಷಯ.

ನಾನು ಪ್ರಯೋಗಶೀಲ. ಒಮ್ಮೆ ಒಂದು ಮದುವೆಯ ವಿಡಿಯೊವನ್ನು ಛತ್ರದ ಹೊರಗೆ ಬಿಟ್ಟ ಚಪ್ಪಲಿಗಳಿಂದ ಆರಂಭಿಸಿದ್ದೆ. ಬರೀ ಚಪ್ಪಲಿ. ಮಾತಿಲ್ಲ, ವಾದ್ಯವಿಲ್ಲ. ಬಂದವರ ಬದುಕೆಲ್ಲ ಆ ಸವೆದ ಹಿಮ್ಮಡಿಗಳಲ್ಲಿದೆ ಎಂಬುದು ನನ್ನ ನಂಬಿಕೆಯಾಗಿತ್ತು. ಮದುಮಗನ ಅಪ್ಪ ಡಿವಿಡಿ ವಾಪಸು ತಂದು, “ಇದು ಬೇರೆಯವರದ್ದು ಮಾರಾಯ, ಚಪ್ಪಲಿ ಅಂಗಡಿ ಉದ್ಘಾಟನೆದು” ಎಂದು ಮೇಜಿನ ಮೇಲಿಟ್ಟು ಹೋದರು.

ನಮ್ಮ ಹಳೆಯ ಎಡಿಟಿಂಗ್ ಸಾಫ್ಟ್‌ವೇರಿನ ಮೇಲೆ ನನಗೆ ಸಿಟ್ಟಿತ್ತು. ಅದು ಮಹಾ ಆಲಸಿ. ಒಂದು ಮದುವೆಯನ್ನು ಅದಕ್ಕೆ ಕೊಟ್ಟು, ಊಟ ಮಾಡಿ, ಎಲೆಅಡಿಕೆ ಹಾಕಿ, ಶೃಂಗೇರಿಗೆ ಹೋಗಿ ಬಂದರೂ ಅದು ಇನ್ನೂ ನಾಂದಿಯಲ್ಲೇ ಇರುತ್ತಿತ್ತು. ನಡುವೆ ಕರೆಂಟು ಹೋದರೆ ಎಲ್ಲ ಮೊದಲಿಂದ. ಮಲೆನಾಡಿನಲ್ಲಿ ಕರೆಂಟು ಹೋಗುವುದನ್ನು ಯಾರೂ ಸುದ್ದಿ ಎಂದು ಹೇಳುವುದಿಲ್ಲ, ಬಂದರೆ ಹೇಳುತ್ತಾರೆ. ಆದರೆ ಆ ಆಲಸಿಯ ಹೊಟ್ಟೆಯಲ್ಲಿ ಒಂದು ಕಮಲವಿತ್ತು. ಗುಂಡಿ ಒತ್ತಿದರೆ ಕಮಲ ಅರಳಿ, ದಳಗಳ ನಡುವಿನಿಂದ ಮದುಮಗಳು ಮೇಲೆದ್ದು ಬರುತ್ತಿದ್ದಳು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಗಿರಾಕಿಗಳು ಮಾತ್ರ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಸುತ್ತಲಿನ ಮೂರು ತಾಲೂಕುಗಳಲ್ಲಿ ಕಮಲದಲ್ಲಿ ಹುಟ್ಟದ ಮದುಮಗಳೇ ಇರಲಿಲ್ಲ.

ಹೀಗಿರುವಾಗ ಸೀತಾರಾಮಣ್ಣನ ಮಗಳು ವಾಣಿಯ ಮದುವೆಯಾಯಿತು. ಸೀತಾರಾಮಣ್ಣನಿಗೆ ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ಅಂಗಡಿ. ಅವನ ತಾಯಿ ಇರುವುದು ಶೃಂಗೇರಿ ಹತ್ತಿರದ ಕಿಗ್ಗದಲ್ಲಿ. ವಾಣಿ ಸಣ್ಣವಳಿದ್ದಾಗಿನಿಂದ ಓದಿ ಬೆಳೆದದ್ದು ಆ ಅಜ್ಜಿಯ ಹತ್ತಿರವೇ. ಮದುವೆಗೆ ಇನ್ನೇನು ಎನ್ನುವಾಗ ಅಜ್ಜಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮದುವೆಗೆ ಬರಲಾಗದೆ ಮಂಚದ ಮೇಲೆ ಉಳಿದರು.

ಸೀತಾರಾಮಣ್ಣ ಸ್ಟುಡಿಯೊಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ.

“ಭಾನುವಾರ ಮದುಮಕ್ಕಳು ಕಿಗ್ಗಕ್ಕೆ ಹೋಗ್ತಾರೆ. ಅಷ್ಟೊತ್ತಿಗೆ ಕೊಡು ಮಾರಾಯ. ನನಗೆ ಬೇರೆ ಎಂತದೂ ಬೇಡ. ಅಮ್ಮಂಗೆ ಧಾರೆ ತೋರಿಸ್ಬೇಕು. ‘ಕೂಸಿನ ಧಾರೆ ನೋಡ್ಲಿಲ್ಲ, ಕೂಸಿನ ಧಾರೆ ನೋಡ್ಲಿಲ್ಲ’ ಅಂತ ಒಂದೇ ಸಮ ಕಣ್ಣೀರು ಹಾಕ್ತಾಳೆ. ನೋಡೋಕಾಗಲ್ಲ.”

“ಆಯ್ತು ಸೀತಾರಾಮಣ್ಣ, ಖಂಡಿತ.”

ಬಾಗಿಲ ತನಕ ಹೋದವನು ತಿರುಗಿ ನಿಂತ. “ಮತ್ತೆ... ಆ ಕಮಲ ಮರೀಬೇಡ.”

ಕೆಲಸ ಬಹುಪಾಲು ಮುಗಿದಿತ್ತು. ಧಾರೆ ಅದರ ಜಾಗದಲ್ಲಿತ್ತು, ಊಟ ಊಟದ ಜಾಗದಲ್ಲಿ, ವಾಣಿ ಕಮಲದಲ್ಲಿ. ಸುಮ್ಮನೆ ಡಿವಿಡಿ ಬರೆದು ಕೊಟ್ಟಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಅದೇ ವಾರ ಶಿವಮೊಗ್ಗದ ಡೀಲರ್ ಹೊಸ ಆವೃತ್ತಿಯ ಸಿ.ಡಿ. ಕಳಿಸಿದ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಶೈಲಜಾಳಿಗೆ ಕನ್ನಡದಲ್ಲಿ ಓದಿ ಹೇಳಿದೆ: “ಇದು ದುರಸ್ತಿಯಲ್ಲ, ತೇಪೆಯಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೊಸದಾಗಿ ಬರೆದದ್ದು!” ನನ್ನ ಕಣ್ಣು ತುಂಬಿ ಬಂತು. ಇದ್ದದ್ದನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟುವ ಧೈರ್ಯ ಯಾರಿಗಿದೆ? ಈ ಜಗತ್ತಿನಲ್ಲಿ ನನ್ನಂತೆ ಯೋಚಿಸುವವರು ಎಲ್ಲೋ ಇದ್ದಾರೆ, ಸಾಫ್ಟ್‌ವೇರ್ ಬರೆಯುತ್ತಿದ್ದಾರೆ!

“ಭಾನುವಾರ ಕಳೀಲಿ ಮಾರಾಯ್ರೆ,” ಎಂದಳು ಶೈಲಜಾ. “ಅನ್ನ ಅರ್ಧ ಬೇಯ್ತಾ ಇರೋವಾಗ ಯಾರಾದ್ರೂ ಪಾತ್ರೆ ಬದಲಿಸ್ತಾರಾ?”

“ಇದು ಅನ್ನ ಅಲ್ಲ, ಕ್ರಾಂತಿ.”

“ಎಂತದಾದ್ರೂ ಆಗ್ಲಿ, ತಳ ಹಿಡಿಯತ್ತೆ.”

ಇನ್‌ಸ್ಟಾಲ್ ಮಾಡುವಾಗ ಅದು ವಿನಯದಿಂದ ಕೇಳಿತು: ಹಳೆಯ ಆವೃತ್ತಿಯನ್ನು ತೆಗೆದುಹಾಕಲೇ? ನಾನು ಹೌದು ಎಂದೆ. ಖಚಿತವೇ? ಎಂದಿತು. ಖಚಿತವಲ್ಲದೆ! ಹಳೆಯ ಆವೃತ್ತಿಯ ಸಿ.ಡಿ.ಯನ್ನೂ ಡಬ್ಬಿಯಿಂದ ತೆಗೆದು, “ತಗೋ, ನಿನ್ನ ಬದನೆ ಗಿಡಕ್ಕೆ” ಎಂದು ಶೈಲಜಾಳ ಕೈಗಿತ್ತೆ. ಹಿತ್ತಲಲ್ಲಿ ಹಕ್ಕಿಗಳನ್ನು ಹೆದರಿಸಲು ಅವಳು ಹಾಳಾದ ಸಿ.ಡಿ.ಗಳನ್ನು ದಾರ ಕಟ್ಟಿ ತೂಗುಹಾಕುತ್ತಿದ್ದಳು. ಗತಕಾಲಕ್ಕೆ ಇದಕ್ಕಿಂತ ಗೌರವದ ಬೀಳ್ಕೊಡುಗೆ ಬೇರೆ ಇಲ್ಲ ಎಂದು ನಾನು ಸಣ್ಣ ಭಾಷಣವನ್ನೂ ಮಾಡಿದ ನೆನಪು.

ಮೊದಲ ಗಂಟೆ ನನ್ನ ಜೀವನದ ಅತ್ಯಂತ ಸುಖದ ಗಂಟೆ. ಏನು ವೇಗ! ಕಾಯುವ ಮಾತೇ ಇಲ್ಲ, ಅಂದುಕೊಂಡದ್ದು ಅಂದುಕೊಂಡ ಕೂಡಲೇ ಪರದೆಯ ಮೇಲೆ. ಸೇವ್ ಮಾಡುವ ಗುಂಡಿಯೇ ಇಲ್ಲ, ಮಾಡಿದ್ದೆಲ್ಲ ತಾನೇ ಸೇವ್ ಆಗುತ್ತದೆ. ನಡುವೆ ಕರೆಂಟು ಹೋಯಿತು, ಬಂತು, ಎಲ್ಲವೂ ಹೇಗಿತ್ತೋ ಹಾಗೇ ಇದೆ! ನಾನು ಮುಂದಿನ ಕೋಣೆಗೆ ಓಡಿ, ಜೆರಾಕ್ಸಿಗೆ ನಿಂತಿದ್ದವರಿಗೆಲ್ಲ ಈ ವಿಷಯ ತಿಳಿಸಿದೆ. ಅವರು ತಮ್ಮ ಆರ್‌ಟಿಸಿಯ ಜೆರಾಕ್ಸ್ ಆಯ್ತಾ ಎಂದು ಕೇಳಿದರು.

ಮರುದಿನ ವಾಣಿಯ ಮದುವೆಯನ್ನು ತೆರೆಯಲು ಹೋದೆ.

ತೆರೆಯಲಿಲ್ಲ.

ಇದು ಹಳೆಯ ಆವೃತ್ತಿಯಲ್ಲಿ ಮಾಡಿದ್ದು, ಹೊಸದರಲ್ಲಿ ತೆರೆಯಲಾಗದು ಎಂದು ಅದು ಬರೆದು ತೋರಿಸಿತು. ಕೆಳಗೆ ‘ಸರಿ’ ಎಂಬ ಒಂದೇ ಒಂದು ಗುಂಡಿ. ‘ಸರಿಯಲ್ಲ’ ಎಂಬುದಕ್ಕೆ ಗುಂಡಿ ಇಟ್ಟಿರಲಿಲ್ಲ.

ಡೀಲರಿಗೆ ಫೋನ್ ಮಾಡಿದೆ. “ಸರ್, ಇದು ಕಂಪ್ಲೀಟ್ ಹೊಸದಾಗಿ ಬರ್ದಿದ್ದು ಸರ್. ಹಳೇದನ್ನ ಮರ್ತುಬಿಡಿ,” ಎಂದ.

“ಮದುವೆ ಆಗಿಹೋಗಿದೆಯಲ್ಲ, ಮರೆಯೋದು ಹೇಗೆ?”

“ಮುಂದಿನ ಮದುವೆಯಿಂದ ಶುರು ಮಾಡಿ ಸರ್.”

“ಕಮಲ ಎಲ್ಲಿದೆ?”

“ಯಾವ ಕಮಲ ಸರ್?”

ನಾನು ವಿವರಿಸಿದೆ. “ಮುಂದೆ ಯಾವತ್ತಾದ್ರೂ ಬರಬಹುದು ಸರ್,” ಎಂದ.

ನಮ್ಮ ಮನೆಗೆ ಗ್ಯಾಸ್ ಒಲೆ ಬಂದ ದಿನ ಅಮ್ಮ ಹಾಲು ಉಕ್ಕುವ ವೇಗ ಕಂಡು ಬೆರಗಾಗಿ, ಮರುದಿನ ಪಾತ್ರೆ ತಿಕ್ಕುವಾಗ “ಬೂದಿ ಎಲ್ಲೋ?” ಎಂದು ಕೇಳಿದ್ದು ನೆನಪಾಯಿತು. ಒಲೆ ಮಾಡಿದವರಿಗೆ ಅಡಿಗೆ ಗೊತ್ತಿತ್ತು, ಬೂದಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಈ ಕಮಲವೂ ಹಾಗೆಯೇ. ನನ್ನ ಪಾಲಿಗೆ ಅದು ಬೂದಿ. ಆದರೆ ಪಾತ್ರೆ ತಿಕ್ಕುವವರು ಗಿರಾಕಿಗಳು!

ಕ್ಯಾಮೆರಾದ ಟೇಪಿನಿಂದ ಮತ್ತೆ ತೆಗೆಯೋಣವೆಂದರೆ, ಒಂದು ಮದುವೆ ಕಂಪ್ಯೂಟರಿಗೆ ಹೋದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದು ಸಮಾರಂಭ ತೆಗೆಯುವುದು ನಮ್ಮ ಕಸುಬಿನ ರೂಢಿ. ವಾಣಿಯ ಧಾರೆಯ ಮೇಲೆ ಆಗಲೇ ಕಮ್ಮರಡಿಯ ಗೃಹಪ್ರವೇಶವೊಂದು ಕೂತಿತ್ತು. ಮದುಮಗಳಿರಬೇಕಾದ ಕಡೆ ಒಂದು ದನ ಹೊಸ ಮನೆಯೊಳಗೆ ಹೋಗಲು ಒಪ್ಪದೆ ನಿಂತಿತ್ತು.

ಹಿತ್ತಲಿಗೆ ಓಡಿದೆ. ಹಳೆಯ ಆವೃತ್ತಿ ಬದನೆ ಗಿಡದ ಮೇಲೆ ಗಿರಗಿರ ತಿರುಗುತ್ತಿತ್ತು. ಬಿಚ್ಚಿ ನೋಡಿದರೆ ಮೈತುಂಬ ಗೀರು.

“ಇದಕ್ಕೆಂತ ಆಯ್ತೇ?”

“ಇನ್ನೂ ಹೊಳೀಲಿ ಅಂತ ತೆಂಗಿನ ನಾರಲ್ಲಿ ತಿಕ್ಕಿದೆ,” ಎಂದಳು ಶೈಲಜಾ. “ಒಳ್ಳೆ ಹೊಳೀತದೆ ನೋಡಿ. ಒಂದು ಹಕ್ಕಿ ಬಂದಿಲ್ಲ.”

ಇಡೀ ವ್ಯವಹಾರದಲ್ಲಿ ಹಳೆಯ ಆವೃತ್ತಿಯನ್ನು ಸರಿಯಾಗಿ ಬಳಸಿಕೊಂಡವಳು ಅವಳೊಬ್ಬಳೇ.

ಆಮೇಲೆ ಒಂದು ವಿಷಯ ನೆನಪಾಗಿ ಸಮಾಧಾನವಾಯಿತು. ಕತ್ತರಿಸಿ ಜೋಡಿಸಿದ್ದು ಹೋಗಿದ್ದರೂ, ಕ್ಯಾಮೆರಾದಲ್ಲಿ ತೆಗೆದ ಹಸಿ ತುಂಡುಗಳೆಲ್ಲ ಕಂಪ್ಯೂಟರಿನಲ್ಲಿ ಉಳಿದಿದ್ದವು. ಹೊಸ ಆವೃತ್ತಿಗೆ ಒಂದು ಶಕ್ತಿಯಿತ್ತು: ತುಂಡುಗಳನ್ನು ಸುರಿದುಬಿಟ್ಟರೆ, ಪ್ರತಿಯೊಂದೂ ಯಾವ ದಿನ, ಯಾವ ಗಳಿಗೆಯಲ್ಲಿ ಹುಟ್ಟಿತೆಂದು ಜಾತಕ ನೋಡಿ, ತಾನೇ ಸಾಲಾಗಿ ಜೋಡಿಸುತ್ತದೆ. ನಾನು ಸುರಿದೆ. ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜೋಡಿಸಿತು. ಜಯ! ಕಾಫಿ ತರಿಸಿ ಕುಡಿದೆ. ಆಮೇಲೆ ನೋಡಿದೆ.

ಮೊದಲು ದೇವರ ಪೂಜೆ. ಅದರ ಬೆನ್ನಿಗೇ ಹೆಣ್ಣು ಒಪ್ಪಿಸುವಾಗಿನ ಅಳು. ಆಮೇಲೆ ಹೋಳಿಗೆ ಬಡಿಸುವ ಪಂಕ್ತಿ. ಆಮೇಲೆ ಗಟ್ಟಿಮೇಳ. ಮತ್ತೆ ಪೂಜೆ, ಮತ್ತೆ ಅಳು, ಮತ್ತೆ ಪಂಕ್ತಿ, ಮತ್ತೆ ಗಟ್ಟಿಮೇಳ!

ತಪ್ಪು ಅದರದ್ದಲ್ಲ. ನನ್ನ ಕ್ಯಾಮೆರಾದ ಗಡಿಯಾರಕ್ಕೆ ಜೀವ ಕೊಡುವ ಪುಟ್ಟ ಸೆಲ್ ಎಂದೋ ಸತ್ತಿತ್ತು. ದೊಡ್ಡ ಬ್ಯಾಟರಿ ಬದಲಿಸಿದಾಗೆಲ್ಲ ಅದರ ಪಾಲಿಗೆ ಕಾಲ ಮತ್ತೆ ಸೊನ್ನೆಯಿಂದ ಆರಂಭ. ಪೂಜೆಗೊಂದು ಬ್ಯಾಟರಿ, ಧಾರೆಗೊಂದು, ಊಟಕ್ಕೊಂದು, ಒಪ್ಪಿಸುವುದಕ್ಕೊಂದು. ಹಾಗಾಗಿ ಹೊಸ ಆವೃತ್ತಿಯ ಪ್ರಕಾರ ಎಲ್ಲವೂ ಒಂದೇ ಮುಹೂರ್ತದಲ್ಲಿ ನಡೆದದ್ದು. ಹಳೆಯ ಆಲಸಿ ಎಂದೂ ಈ ಗಡಿಯಾರವನ್ನು ನೋಡಿರಲಿಲ್ಲ, ನಾನು ಇಟ್ಟಲ್ಲಿ ಇಟ್ಟ ಹಾಗೆ ಬಿದ್ದಿರುತ್ತಿತ್ತು. ಹೊಸದು ಜಾಣ. ಜಾಣರ ತೊಂದರೆಯೇ ಇದು, ಕೊಟ್ಟ ಸುಳ್ಳನ್ನೂ ಶ್ರದ್ಧೆಯಿಂದ ನಂಬುತ್ತಾರೆ.

ಕೈಯಿಂದ ಸರಿಮಾಡಲು ಕೂತೆ. ಧಾರೆಯ ಒಂದು ತುಂಡನ್ನು ಎಳೆದು ಅದರ ಜಾಗಕ್ಕೆ ತಂದೆ. ಖಾಲಿಯಾದ ಜಾಗ ತುಂಬಲು ಉಳಿದವೆಲ್ಲ ತಾವಾಗಿಯೇ ಸರಿದುಕೊಂಡವು, ಪಂಕ್ತಿಯಲ್ಲಿ ಒಬ್ಬರು ಎದ್ದರೆ ಉಳಿದವರು ಒತ್ತಿ ಕೂರುವ ಹಾಗೆ. ಅದನ್ನು ಹಿಂದಕ್ಕೆ ಎಳೆದೆ, ಇನ್ನೊಂದು ಮುಂದಕ್ಕೆ ಹೋಯಿತು. ಹಿಂದೆ ಗಲಿಬಿಲಿ ಇದ್ದದ್ದು ಈಗ ಗಲಿಬಿಲಿಯ ಗಲಿಬಿಲಿ! ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ನನ್ನ ಅಷ್ಟೂ ತಪ್ಪುಗಳು ಭದ್ರವಾಗಿ ಸೇವ್ ಆಗಿವೆ, ಹಿಂದಕ್ಕೆ ಹೋಗುವ ದಾರಿ ಮಾತ್ರ ಮರೆತುಹೋಗಿದೆ. ಹಳೆಯದರಲ್ಲಿ ಕರೆಂಟು ಹೋದರೆ ಒಳ್ಳೆಯದು ಕೆಟ್ಟದ್ದು ಎರಡೂ ಅಳಿಸಿಹೋಗುತ್ತಿದ್ದವು. ಅದೂ ಒಂದು ದಯೆಯೇ ಆಗಿತ್ತೆಂದು ಆಗ ತಿಳಿಯಿತು.

ಭಾನುವಾರ ಬೆಳಿಗ್ಗೆ ಕೆಳಗೆ ಸೀತಾರಾಮಣ್ಣನ ಜೀಪು ಹಾರನ್ ಮಾಡಿತು. ಇದ್ದದ್ದನ್ನು ಇದ್ದ ಹಾಗೆ ಡಿವಿಡಿಗೆ ಬರೆದು ಜೇಬಿನಲ್ಲಿಟ್ಟುಕೊಂಡೆ. ಬರೆಯುವುದರಲ್ಲೂ ಎಂಥ ವೇಗ!

“ಎಂತ ಹೇಳ್ತೀರಿ ಅವರಿಗೆ?” ಎಂದಳು ಶೈಲಜಾ ಮೆಟ್ಟಿಲಿಳಿಯುತ್ತ.

“ಪ್ರಯೋಗ ಅಂತೀನಿ.”

“ಅಜ್ಜಿ ಕೋಲು ಇಟ್ಕೊಂಡಿದಾರೆ, ಗೊತ್ತಲ್ಲ?”

ಕಿಗ್ಗದ ಮನೆಯ ಜಗಲಿ ತುಂಬ ಜನ. ಅಜ್ಜಿಯ ಮಂಚವನ್ನೇ ಟಿವಿಯ ಎದುರಿಗೆ ತಂದಿಟ್ಟಿದ್ದರು. ಒಂದು ಪಕ್ಕದಲ್ಲಿ ವಾಣಿ, ಇನ್ನೊಂದು ಪಕ್ಕದಲ್ಲಿ ಗೋಡೆಗೆ ಒರಗಿಸಿದ ಕೋಲು, ಮಡಿಲಲ್ಲಿ ಒಂದು ತಟ್ಟೆ ಅಕ್ಷತೆ.

“ಬಂದ್ಯಾ ಮಾಣಿ? ಛತ್ರಕ್ಕೆ ಬರ್ಲಾಗ್ಲಿಲ್ಲ ನಂಗೆ. ಇಲ್ಲಿಂದಾದ್ರೂ ನಾಕು ಕಾಳು ಹಾಕ್ತೆ ಕೂಸಿಗೆ,” ಎಂದರು ಅಜ್ಜಿ. ಆಮೇಲೆ ದಿಂಬಿನ ಕೆಳಗೆ ಕೈಯಾಡಿಸುತ್ತ, “ನನ್ನ ಕನ್ನಡಕ ಎಲ್ಲಿಟ್ಟೆ ಮಾರಾಯ್ತಿ, ಯಾರಾದ್ರೂ ನೋಡಿ,” ಎಂದರು. ಯಾರೋ ಹುಡುಕಲು ಒಳಗೆ ಹೋದರು.

ನಾನು ಡಿವಿಡಿಯನ್ನು ಪ್ಲೇಯರಿಗೆ ಹಾಕಿದೆ. ಈ ಅಜ್ಜಿಗೆ ಬೇಕಿದ್ದದ್ದು ಒಂದೇ ಒಂದು ಗಳಿಗೆ. ಅದನ್ನು ನಾನು ಚಿಂದಿ ಮಾಡಿ ತಂದಿದ್ದೆ.

ಪೂಜೆ ಬಂತು, ಸರಿ. ಮರುಕ್ಷಣ ಸೀತಾರಾಮಣ್ಣ ಮಗಳನ್ನು ಒಪ್ಪಿಸುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಜಗಲಿಯಲ್ಲಿ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅದರ ಮರುಕ್ಷಣವೇ ಅದೇ ಸೀತಾರಾಮಣ್ಣ ಪಂಕ್ತಿಯಲ್ಲಿ ಕೂತು, “ಇನ್ನೊಂದು ಹೋಳಿಗೆ ಹಾಕು, ತುಪ್ಪ ಎಲ್ಲಿ?” ಎನ್ನುತ್ತಿದ್ದ!

ಜಗಲಿ ಹೋ ಎಂದು ನಕ್ಕಿತು. ಸೀತಾರಾಮಣ್ಣ ನನ್ನ ಕಡೆ ತಿರುಗಿದ. ನಾನು ತೊಲೆಯನ್ನು ನೋಡತೊಡಗಿದೆ.

ಆಗ ಗಟ್ಟಿಮೇಳ. ತೆರೆಯ ಮೇಲೆ ವಾಣಿಯ ಬೊಗಸೆ, ಧಾರೆ ಎರೆಯುವ ಕೈ. ಅಜ್ಜಿ “ಕೂಸೇ!” ಎಂದು ಕೂಗಿ ಅಕ್ಷತೆ ಎಸೆದರು. ಅಥವಾ, ಮೊದಲೇ ಹೇಳಿದೆನಲ್ಲ, ಬೇರೆ ಯಾರೋ ಎಸೆದರು. ಅಷ್ಟರಲ್ಲಿ ಧಾರೆ ಮಾಯವಾಗಿ ಮತ್ತೆ ಪೂಜೆ.

“ತಡೀರಿ, ನಿಲ್ಸಿ!” ಎಂದರು ಮದುವೆ ಮಾಡಿಸಿದ ಪುರೋಹಿತರಾದ ನಾರಾಯಣ ಭಟ್ಟರು. “ಎಂತದು ಇದು? ಸೀತಾರಾಮ ಹೋಳಿಗೆ ತಿಂದು ಆಮೇಲೆ ಧಾರೆ ಎರೆದ್ನಾ? ಕನ್ಯಾದಾನ ಮಾಡುವವ ಉಪವಾಸ ಇರ್ಬೇಕು!”

“ನಾನು ಕಾಫಿ ಸಹ ಕುಡಿದಿರ್ಲಿಲ್ಲ ಭಟ್ರೆ! ನೀವೇ ಪಕ್ಕದಲ್ಲಿ ಇದ್ರಲ್ಲ!”

“ಇದ್ದೆ, ಹೌದು...” ಭಟ್ಟರು ಟಿವಿಯನ್ನೂ ಸೀತಾರಾಮಣ್ಣನನ್ನೂ ಬದಲಿಸಿ ಬದಲಿಸಿ ನೋಡಿದರು. “ಆದ್ರೆ ಇಲ್ಲಿ ಕಾಣ್ತಾ ಉಂಟಲ್ಲ ಮಾರಾಯ!”

ಸ್ವತಃ ಮಂತ್ರ ಹೇಳಿ ಮಾಡಿಸಿದವರಿಗೇ ತಮ್ಮ ನೆನಪಿನ ಮೇಲೆ ಸಂಶಯ ಹುಟ್ಟಿತ್ತು. ನಾನು ಬಾಯಿಬಿಡಬೇಕೆಂದಿದ್ದೆ, ಅಷ್ಟರಲ್ಲಿ ಮತ್ತೆ ಗಟ್ಟಿಮೇಳ!

“ಮತ್ತೆ ಬಂತು!” ಎಂದು ಅಜ್ಜಿ ಇನ್ನೊಂದು ಹಿಡಿ ಎಸೆದರು. ಈ ಸಲ ಇಡೀ ಜಗಲಿ ತಟ್ಟೆಗೆ ಕೈಹಾಕಿತು. ಧಾರೆ ಹೋಯಿತು, ಪಾಯಸ ಬಂತು, ಅಳು ಬಂತು, ಧಾರೆ ಮತ್ತೆ ಬಂತು. ಅಕ್ಷತೆ ಮುಗಿದು ವಾಣಿಯೇ ಒಳಗೆ ಓಡಿ ಅಕ್ಕಿ, ಅರಿಶಿನ ಕಲಸಿ ತಂದಳು. ತನ್ನ ಧಾರೆಗೆ ತಾನೇ ಅಕ್ಷತೆ ಕಲಸಿದ ಮದುಮಗಳು ನಮ್ಮ ಕಡೆ ಇವಳೊಬ್ಬಳೇ ಇರಬೇಕು.

ಸಾಮಾನ್ಯವಾಗಿ ಮದುವೆ ವಿಡಿಯೊ ನೋಡುವ ಕ್ರಮ ನಿಮಗೆ ಗೊತ್ತು. ತಮ್ಮ ಮುಖ ಬರುವ ತನಕ ಓಡಿಸುತ್ತಾರೆ, ಬಂದ ಮೇಲೆ ಎದ್ದುಹೋಗುತ್ತಾರೆ. ಇಲ್ಲಿ ಯಾರಿಗೂ ಏಳಲಾಗಲಿಲ್ಲ. ಯಾರ ಮುಖ ಯಾವಾಗ ಬರುತ್ತದೆಂದು ಗೊತ್ತಿದ್ದರೆ ತಾನೆ? ಒಲೆಯ ಮೇಲೆ ಸಾರು ಸೀದರೂ ಯಾರೂ ಕದಲಲಿಲ್ಲ. ನಾರಾಯಣ ಭಟ್ಟರು ಎಲ್ಲರಿಗಿಂತ ಮುಂದೆ ಸರಿದು ಕೂತು, ಹೋಳಿಗೆ ಮೊದಲೋ ಧಾರೆ ಮೊದಲೋ ಎಂದು ಕೊನೆಯವರೆಗೂ ವಿಚಾರಣೆ ನಡೆಸಿದರು. ನಾನು ಮಾಡಿದ ಮದುವೆ ವಿಡಿಯೊಗಳಲ್ಲಿ ಜನ ಮೊದಲಿಂದ ಕೊನೆಯವರೆಗೆ ನೋಡಿದ್ದು ಇದೊಂದೇ!

ಮುಗಿದ ಮೇಲೆ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. “ನನ್ನ ಮದುವೆನೂ ನಂಗೆ ಹೀಗೇ ನೆನಪಿರೋದು ಮಾಣಿ. ಎಲ್ಲ ಒಟ್ಟಿಗೇ. ಅಳು, ಹೋಳಿಗೆ, ವಾದ್ಯ, ಎಲ್ಲ ಒಟ್ಟಿಗೇ,” ಎಂದರು. ಹಾಗೆ ಹೇಳಿದರೆಂದು ನನಗೆ ಕೇಳಿಸಿತು. ಶೈಲಜಾಳ ಪ್ರಕಾರ ಅವರು ಹೇಳಿದ್ದು, “ಎಲ್ಲ ಒಟ್ಟಿಗೇ ಊಟಕ್ಕೆ ಏಳಿ” ಎಂದು.

ಕೋಲು ಗೋಡೆಯ ಪಕ್ಕದಲ್ಲೇ ಇತ್ತು. ಸೀತಾರಾಮಣ್ಣ ನನ್ನ ಬೆನ್ನು ತಟ್ಟಿ, “ಅಮ್ಮ ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತು ಮಾರಾಯ,” ಎಂದ. ಅಲ್ಲಿದ್ದವರಲ್ಲಿ ಇಬ್ಬರು ತಮ್ಮ ಮನೆಯ ಮದುವೆಗೂ “ಹೀಗೇ ಹಿಂದೆಮುಂದೆ ಮಾಡಿ” ಕೊಡಬೇಕೆಂದು ಆಗಲೇ ಹೇಳಿದರು. ವರ್ಷಗಟ್ಟಲೆ ಚಪ್ಪಲಿ ತೋರಿಸಿ ಸಾಧಿಸಲಾಗದ್ದನ್ನು ಒಂದು ಸತ್ತ ಸೆಲ್ ಸಾಧಿಸಿತ್ತು. ಜೀಪಿನಲ್ಲಿ ಕೊಪ್ಪ ಮುಟ್ಟುವ ತನಕ ನಾನು ಹೊಸ ಕಲೆಯ ಬಗ್ಗೆ ಮಾತಾಡಿದೆ. ಕಾಲ ಎಂಬುದು ಗಡಿಯಾರದ ಮೂಢನಂಬಿಕೆ ಎಂದೆ. ಹಳೆಯದನ್ನು ಪೂರ್ತಿ ಕೆಡವಿದ್ದರಿಂದಲೇ ಇದು ಸಾಧ್ಯವಾಯಿತು ಎಂದೆ.

“ಎಲ್ಲ ಸರಿ,” ಎಂದಳು ಶೈಲಜಾ, ಮನೆಯ ಬೀಗ ತೆಗೆಯುತ್ತ. “ಅಜ್ಜಿಯ ಕನ್ನಡಕ ಸಿಕ್ತಾ?”

“ಯಾರೋ ಹುಡುಕೋಕೆ ಹೋಗಿದ್ರಲ್ಲ,” ಎಂದೆ.

“ಹುಡುಕೋಕೆ ಹೋದವರು ತಿರುಗಿ ಬಂದಿದ್ದು ನಾನಂತೂ ನೋಡ್ಲಿಲ್ಲ. ಅಜ್ಜಿ ಅಕ್ಷತೆ ಹಾಕಿದ್ದು ಗಟ್ಟಿಮೇಳ ಕೇಳಿ ಇರ್ಬೇಕು ಮಾರಾಯ್ರೆ.”

ಇದನ್ನು ಒಪ್ಪಲು ಸಾಧ್ಯವೇ? ಮಾರನೆಯ ವಾರ ಶೃಂಗೇರಿಗೆ ಬೇರೆ ಕೆಲಸವಿದೆ ಎಂದು ಹೇಳಿ ಕಿಗ್ಗಕ್ಕೆ ಹೋದೆ. ಅಜ್ಜಿಯ ಮೂಗಿನ ಮೇಲೆ ಕನ್ನಡಕವಿತ್ತು. ಎದೆ ಹಗುರಾಯಿತು. ಮಜ್ಜಿಗೆ ಕುಡಿದು, ಮಾತು ಸುತ್ತಿಸಿ ತಂದು, “ಅಜ್ಜಿ, ಅವತ್ತು ವಿಡಿಯೊ ಎಲ್ಲ ಸರಿಯಾಗಿ ಕಂಡಿತಾ?” ಎಂದು ಕೇಳಿದೆ.

“ಎಂತ ಕೇಳ್ತೆ ಮಾಣಿ! ಎಲ್ಲ ಕಂಡೆ, ಕಣ್ಣು ತುಂಬ ಕಂಡೆ,” ಎಂದರು ಅಜ್ಜಿ. “ಅದ್ರಲ್ಲೂ ನಮ್ಮ ಕೂಸು ಕಮಲದಿಂದ ಎದ್ದು ಬರ್ತಲ್ಲ, ಅದು ಚೆಂದ ಇತ್ತು!”

ಆ ಡಿವಿಡಿಯಲ್ಲಿ ಕಮಲ ಇರಲಿಲ್ಲ. ಅಂದು ಅಜ್ಜಿ ಏನು ನೋಡಿದರೋ ನನಗೆ ಗೊತ್ತಿಲ್ಲ.